ಎಳೆದಾಡುವ ಮನಸ್ಸು, ಹೆಸರು ಹಿಡಿದು ಕರೆಯುವ ಪ್ರಭು

ಸಾಧಾರಣ ಕಾಲದ 16ನೇ ಭಾನುವಾರದ ಪ್ರಬೋಧನೆ
ವಾಚನಗಳು: ಆದಿಕಾಂಡ 18:1-10, ಕೊಲೊಸ್ಸೆಯರಿಗೆ 1:24-28, ಲೂಕ 10:38-42



ಪಾಪನಿವೇದನೆಗೆ ಸಿದ್ಧರಾಗುವಾಗ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಯಾವುದು? ಪೂಜೆಯಲ್ಲಿ ಗಮನವಿರಲಿಲ್ಲ, ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ ಎಂಬ ಮಾತು. ಜಪಸರದ ಮಣಿ ಬೆರಳಿನಲ್ಲಿ ಸರಿಯುತ್ತಿರುತ್ತದೆ. ಮನಸ್ಸು ಮಾತ್ರ ತೋಟದ ಮೋಟರಿಗೆ ಕರೆಂಟು ಬಂತೋ ಇಲ್ಲವೋ, ಮಗಳ ಶಾಲೆಯ ಫೀಸು ಕಟ್ಟಲು ಕಡೆಯ ದಿನ ಯಾವುದು, ನಿನ್ನೆ ನಾದಿನಿ ಆಡಿದ ಮಾತಿನ ಅರ್ಥವೇನು ಎಂದು ಊರೆಲ್ಲ ಸುತ್ತಿ ಬರುತ್ತದೆ. ನಮ್ಮಂತಹ ಗಡಿಭಾಗದ ಧರ್ಮಕೇಂದ್ರಗಳಲ್ಲಿ ಇನ್ನೊಂದು ಎಳೆತವೂ ಇದೆ. ಹಬ್ಬದ ದಿನ ಒಂದೇ ಬಲಿಪೂಜೆಯಲ್ಲಿ ಒಂದು ವಾಚನ ಕನ್ನಡದಲ್ಲಿ, ಇನ್ನೊಂದು ತಮಿಳಿನಲ್ಲಿ, ಕೆಲವು ಹಾಡು ಇಂಗ್ಲಿಷಿನಲ್ಲಿ. ಎಲ್ಲರೂ ‘ಪರಲೋಕ ಮಂತ್ರ’ವನ್ನು ಒಂದು ಭಾಷೆಯಲ್ಲಿ ಹೇಳುತ್ತಿದ್ದರೆ ನಮ್ಮ ನಾಲಗೆ ಇನ್ನೊಂದು ಭಾಷೆಯ ಸಾಲಿಗೆ ಜಾರಿರುತ್ತದೆ.

ಹೀಗೆ ಮನಸ್ಸು ಓಡುವುದನ್ನು ಕಂಡು ಕೆಲವರು, “ಪ್ರಾರ್ಥನೆ ನನ್ನಂಥವರಿಗೆ ಒಗ್ಗುವುದಲ್ಲ” ಎಂದು ತೀರ್ಮಾನಿಸಿಬಿಡುತ್ತಾರೆ. ಜಪಸರ ಗೋಡೆಯ ಮೊಳೆಗೆ ಏರುತ್ತದೆ. ಪೂಜೆಗೆ ಬರುವುದು ಕಡಿಮೆಯಾಗುತ್ತದೆ. ನನ್ನ ಚಿಂತೆ ಇರುವುದು ಇವರ ಬಗ್ಗೆ. ಸೋಲಲ್ಲದ್ದನ್ನು ಸೋಲೆಂದು ತಿಳಿದು ಇವರು ದೇವರಿಂದ ದೂರವಾಗುತ್ತಿದ್ದಾರೆ. ಇಂದಿನ ಶುಭಸಂದೇಶ ವಿಶೇಷವಾಗಿ ಇವರಿಗಾಗಿ ಇದೆ.

ಮಾರ್ತಾಳನ್ನು ನೋಡಿ. ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡವಳು ಅವಳೇ. ಅವರ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಒಲೆ ಒಂದು ಕಡೆ ಕರೆಯುತ್ತಿದೆ, ಅತಿಥಿಯ ಮಾತು ಇನ್ನೊಂದು ಕಡೆ ಕರೆಯುತ್ತಿದೆ, ಪಾದದ ಬಳಿ ಸುಮ್ಮನೆ ಕುಳಿತ ತಂಗಿಯ ಮೇಲೆ ಕಣ್ಣು ಹೋಗುತ್ತಿದೆ. ಅವಳ ಸ್ಥಿತಿಯನ್ನು ಹೇಳಲು ಸಂತ ಲೂಕರು ಬಳಸಿರುವ ಗ್ರೀಕ್ ಪದಕ್ಕೆ ‘ಸುತ್ತಲಿನಿಂದ ಎಳೆಯಲ್ಪಡುವುದು’ ಎಂಬ ಅರ್ಥವಿದೆ. ಗಾಡಿಗೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಊರ ಕಡೆಗೆ, ಒಂದು ಹೊಲದ ಕಡೆಗೆ ಎಳೆದರೆ ನೊಗ ಏನಾಗಬೇಕು? ಮಾರ್ತಾಳ ಮನಸ್ಸು ಹಾಗಾಗಿತ್ತು. ಎಳೆತ ತಡೆಯಲಾರದೆ ಅವಳು ತಂಗಿಯನ್ನು ದೂರಿದಳು, ಸ್ವಾಮಿಗೆ ತನ್ನ ಮೇಲೆ ಅಕ್ಕರೆ ಇಲ್ಲವೇ ಎಂದು ಅವರನ್ನೂ ದೂರಿದಳು. ನಮ್ಮ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಹೊತ್ತಿನಲ್ಲಿ ಏಳುವ ಜಗಳಗಳೂ ಇದೇ ಜಾತಿಯವು.

ಈ ಎಳೆದಾಟವನ್ನು ಅಳೆದು ನೋಡಿದ ಒಬ್ಬರಿದ್ದಾರೆ. ಅವರ ಹೆಸರು ಜಾನ್ ರಿಡ್ಲಿ ಸ್ಟ್ರೂಪ್. ಅಮೆರಿಕದ ಟೆನೆಸಿ ರಾಜ್ಯದವರು, 1897ರಿಂದ 1973ರವರೆಗೆ ಬಾಳಿದವರು. ಮನಶ್ಶಾಸ್ತ್ರದ ಪುಸ್ತಕಗಳಲ್ಲೆಲ್ಲ ಅವರ ಹೆಸರಿದ್ದರೂ ತಮ್ಮ ಬದುಕಿನ ಬಹುಪಾಲನ್ನು ಅವರು ಕಳೆದದ್ದು ನ್ಯಾಶ್‌ವಿಲ್ ನಗರದ ಒಂದು ಕ್ರೈಸ್ತ ಕಾಲೇಜಿನಲ್ಲಿ, ಬೈಬಲ್ ಬೋಧಿಸುತ್ತಾ. ಅವರು ಕಥೋಲಿಕರಲ್ಲ, ಆದರೆ ದೇವರ ವಾಕ್ಯವನ್ನು ಪ್ರೀತಿಸಿದ ಸಹೋದರರು. 1935ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆ ತೀರಾ ಸರಳ. ಬಣ್ಣದ ಚೌಕಗಳನ್ನು ತೋರಿಸಿ ಅವುಗಳ ಬಣ್ಣ ಹೇಳಿರೆಂದು 100 ವಿದ್ಯಾರ್ಥಿಗಳನ್ನು ಕೇಳಿದರು. ನೂರು ಚೌಕಗಳ ಬಣ್ಣ ಹೇಳಿ ಮುಗಿಸಲು ಸರಾಸರಿ 63 ಸೆಕೆಂಡು ಬೇಕಾಯಿತು. ಆಮೇಲೆ ಬಣ್ಣದ ಹೆಸರುಗಳನ್ನೇ ಬೇರೆ ಬಣ್ಣದ ಶಾಯಿಯಲ್ಲಿ ಅಚ್ಚು ಮಾಡಿ, ಅಕ್ಷರ ಓದಬೇಡಿ, ಶಾಯಿಯ ಬಣ್ಣ ಹೇಳಿ ಎಂದರು. ಈಗ ಬೇಕಾದದ್ದು 110 ಸೆಕೆಂಡು.

ನಮ್ಮ ಪತ್ರಿಕೆ ಕಪ್ಪು ಬಿಳುಪಿನದಾದ್ದರಿಂದ ಇದನ್ನು ಇಲ್ಲಿ ತೋರಿಸಲಾಗದು. ಮನೆಯಲ್ಲಿ ಮಕ್ಕಳ ಸ್ಕೆಚ್ ಪೆನ್ನು ತೆಗೆದು ಹಸಿರಿನಲ್ಲಿ ‘ಕೆಂಪು’ ಎಂದೂ, ಕೆಂಪಿನಲ್ಲಿ ‘ನೀಲಿ’ ಎಂದೂ, ನೀಲಿಯಲ್ಲಿ ‘ಹಸಿರು’ ಎಂದೂ ಹತ್ತಿಪ್ಪತ್ತು ಸಲ ಬರೆದು, ಶಾಯಿಯ ಬಣ್ಣಗಳನ್ನು ಬೇಗ ಬೇಗ ಹೇಳಿ ನೋಡಿ. ನಾಲಗೆ ತಡವರಿಸುತ್ತದೆ. ಅದೇ ಹಾಳೆಯನ್ನು ಕನ್ನಡ ಓದಲು ಬಾರದ ಪಕ್ಕದ ಮನೆಯ ಹುಡುಗನಿಗೆ ಕೊಟ್ಟರೆ ಅವನು ಸಲೀಸಾಗಿ ಹೇಳಿಬಿಡುತ್ತಾನೆ. ಅವನಿಗೆ ಅವು ಬರೀ ಗೆರೆಗಳು. ನಮಗೆ ಅವು ಬಾಲ್ಯದಿಂದ ಓದಿ ಓದಿ ಮೈಗೂಡಿದ ಅಕ್ಷರಗಳು. ಬೇಡವೆಂದರೂ ಕಣ್ಣು ಓದಿಬಿಡುತ್ತದೆ. ನಮ್ಮನ್ನು ಹೆಚ್ಚು ಎಳೆಯುವುದು ನಾವು ಹೆಚ್ಚು ರೂಢಿ ಮಾಡಿಕೊಂಡದ್ದೇ.

ಆ ತಡವರಿಸುವ ಕ್ಷಣದಲ್ಲಿ ತಲೆಯೊಳಗೆ ಏನು ನಡೆಯುತ್ತದೆ? ಹಣೆಯ ಹಿಂದೆ, ಮೆದುಳಿನ ಎರಡು ಪಾಲುಗಳು ಎದುರುಬದುರಾಗುವ ಒಳಮೈಯಲ್ಲಿ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಎಂಬ ಭಾಗವಿದೆ. 1990ರಲ್ಲಿ, ಸ್ಟ್ರೂಪ್ ಪರೀಕ್ಷೆ ಮಾಡುತ್ತಿದ್ದವರ ಮೆದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದಾಗ ಈ ಭಾಗ ಚುರುಕಾಗಿದ್ದುದು ಕಂಡಿತು. ಇದರ ಕೆಲಸವೇನೆಂದು ಮ್ಯಾಥ್ಯೂ ಬಾಟ್ವಿನಿಕ್, ಜೊನಾಥನ್ ಕೋಹೆನ್ ಮತ್ತು ಅವರ ಜೊತೆಗಾರರು 2001ರಲ್ಲಿ ಒಂದು ವಿವರಣೆ ಕೊಟ್ಟರು. ವಿವರಗಳಲ್ಲಿ ವಿಜ್ಞಾನಿಗಳ ಚರ್ಚೆ ಈಗಲೂ ನಡೆದಿದೆಯಾದರೂ ಅವರ ಮಾತಿನ ತಿರುಳು ನಮಗೆ ಸುಲಭವಾಗಿ ಅರ್ಥವಾಗುವಂಥದ್ದು. ರಾಗಿ ತೆನೆಗಟ್ಟಿದಾಗ ಹೊಲದ ಅಟ್ಟಣೆಯ ಮೇಲೆ ಒಬ್ಬ ರಾತ್ರಿ ಕಾವಲು ಕೂರುತ್ತಾನಲ್ಲವೇ? ಆನೆ ಬಂದರೆ ಅವನೊಬ್ಬನೇ ಇಳಿದು ಅದನ್ನು ಓಡಿಸಲಾರ. ಅವನು ಕೂಗುತ್ತಾನೆ, ತಮಟೆ ಬಾರಿಸುತ್ತಾನೆ. ಊರು ಎಚ್ಚರಗೊಂಡು ಪಂಜು ಹಿಡಿದು ಬರುತ್ತದೆ. ಮೆದುಳಿನ ಈ ಭಾಗವೂ ಅಂಥ ಕಾವಲುಗಾರ. ಎರಡು ಉತ್ತರಗಳು ಒಟ್ಟಿಗೆ ನುಗ್ಗಿದಾಗ ಇದು ಎಚ್ಚರಿಕೆ ಕೊಡುತ್ತದೆ. ಆಗ ಹಣೆಯ ಹಿಂದಿನ ಬೇರೊಂದು ಭಾಗ, ನಾವು ಮಾಡಬೇಕೆಂದುಕೊಂಡ ಕೆಲಸ ಯಾವುದೆಂಬುದನ್ನು ಹಿಡಿದಿಟ್ಟುಕೊಂಡಿರುವ ಭಾಗ, ಬಲಗೊಂಡು ನೆರವಿಗೆ ಬರುತ್ತದೆ.

ಪ್ರಿಯರೇ, ಇದರಿಂದ ನಾವು ಮೊದಲು ಕಲಿಯಬೇಕಾದದ್ದು ಇಷ್ಟು: ತಮಟೆಯ ಸದ್ದು ಕೇಳಿಸಿತೆಂದರೆ ಹೊಲ ಹಾಳಾಯಿತೆಂದು ಅರ್ಥವಲ್ಲ, ಕಾವಲುಗಾರ ಎಚ್ಚರವಾಗಿದ್ದಾನೆಂದು ಅರ್ಥ. “ಅಯ್ಯೋ, ಪೂಜೆಯ ನಡುವೆ ನನ್ನ ಮನಸ್ಸು ಎಲ್ಲಿಗೋ ಹೋಯಿತಲ್ಲ” ಎಂದು ಹೊಳೆಯುವ ಆ ಗಳಿಗೆಯಲ್ಲಿ ನೀವು ದೇವರಿಂದ ದೂರವಿಲ್ಲ. ದೇವರು ಬೇಡವೆಂದವನಿಗೆ ಈ ಎಳೆದಾಟವೇ ಇರುವುದಿಲ್ಲ. ಅವನು ಒಂದೇ ಕಡೆಗೆ ಹಾಯಾಗಿ ಹೋಗುತ್ತಿರುತ್ತಾನೆ. ಬಯಸದೆ ಬಂದ ಪರಾಕು ಪಾಪವಲ್ಲ. ಬಂದದ್ದು ತಿಳಿದ ಮೇಲೂ ಬೇಕೆಂದೇ ಅದರ ಹಿಂದೆ ಹೋಗುವುದು, ಪೂಜೆಯ ನಡುವೆ ಮೊಬೈಲು ತೆಗೆದು ನೋಡುತ್ತಾ ಕೂರುವುದು, ಅದು ಬೇರೆ ಮಾತು. ಅದಕ್ಕೆ ಪಶ್ಚಾತ್ತಾಪ ಬೇಕು.

ಎರಡನೆಯದು, ಈ ಎಳೆದಾಟವನ್ನು ಬಿಡಿಸಿಕೊಳ್ಳುವ ಬಗೆ. ನಾವು ಸಾಮಾನ್ಯವಾಗಿ ಮಾಡುವುದೇನೆಂದರೆ ಬಂದ ಯೋಚನೆಯ ಮೇಲೆ ಯುದ್ಧಕ್ಕೆ ಹೋಗುತ್ತೇವೆ. ಹಾಲಿನ ಲೆಕ್ಕ ಯೋಚಿಸಬಾರದು, ಯೋಚಿಸಬಾರದು ಎಂದು ಹಲ್ಲು ಕಚ್ಚುತ್ತಾ ಹಾಲಿನ ಲೆಕ್ಕದಲ್ಲೇ ಮುಳುಗಿರುತ್ತೇವೆ. ಮೆದುಳು ತಾನೇ ಬೇರೆ ದಾರಿ ಹಿಡಿಯುವುದುಂಟು. ಟೋಬಿಯಾಸ್ ಎಗ್ನರ್ ಮತ್ತು ಜಾಯ್ ಹಿರ್ಷ್ ಎಂಬ ಸಂಶೋಧಕರು 2005ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಹೆಸರಾಂತ ವ್ಯಕ್ತಿಗಳ ಮುಖಚಿತ್ರದ ಮೇಲೆ ಬೇರೆಯವರ ಹೆಸರು ಬರೆದು ತೋರಿಸಿದರು. ಹೆಸರಿಗೆ ಮರುಳಾಗದೆ ಮುಖವನ್ನು ಗಮನಿಸಬೇಕಿತ್ತು. ಗೊಂದಲ ಎದುರಾದ ಮೇಲೆ ಮೆದುಳಿನಲ್ಲಿ ಮುಖವನ್ನು ಗುರುತಿಸುವ ಭಾಗ ಇನ್ನಷ್ಟು ಚುರುಕಾಯಿತು. ಕೆಲಸವನ್ನು ತಿರುವುಮುರುವು ಮಾಡಿ ಮುಖವನ್ನು ಬಿಟ್ಟು ಹೆಸರನ್ನು ಗಮನಿಸಿ ಎಂದಾಗ, ಮುಖದ ಭಾಗವನ್ನು ಅದುಮಿಟ್ಟ ಗುರುತು ಕಾಣಲಿಲ್ಲ. ಅಂದರೆ ಬೇಡವಾದದ್ದನ್ನು ತುಳಿಯುವುದಕ್ಕಿಂತ ಬೇಕಾದದ್ದಕ್ಕೆ ಬಲ ಕೊಡುವುದರಿಂದ ಅಲ್ಲಿ ಗೊಂದಲ ಬಿಡಿಸಿಕೊಂಡಿತು.

ಧರ್ಮಸಭೆ ತನ್ನ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿರುವುದೂ ಇದನ್ನೇ. ಕಥೋಲಿಕ ಧರ್ಮೋಪದೇಶದ 2729ನೇ ಪರಿಚ್ಛೇದ ಪ್ರಾರ್ಥನೆಯಲ್ಲಿನ ಪರಾಕಿನ ಬಗ್ಗೆ ಮಾತನಾಡುತ್ತದೆ. ಪರಾಕುಗಳನ್ನು ಅಟ್ಟಿಸಿಕೊಂಡು ಹೋದರೆ ಅವುಗಳ ಬಲೆಗೇ ಬಿದ್ದಂತೆ, ಮರಳಿ ಹೃದಯಕ್ಕೆ ಬಂದರೆ ಸಾಕು ಎಂಬುದು ಅದರ ಬುದ್ಧಿವಾದ. ಪರಾಕು ನಾವು ಯಾವುದಕ್ಕೆ ಅಂಟಿಕೊಂಡಿದ್ದೇವೆಂಬುದನ್ನು ತೋರಿಸಿಕೊಡುತ್ತದೆ ಎಂದೂ ಅದು ಹೇಳುತ್ತದೆ. ಸ್ಟ್ರೂಪ್ ಅವರ ಹಾಳೆಯಲ್ಲಿ ಕಂಡದ್ದೂ ಅದೇ ತಾನೆ? ಆದ್ದರಿಂದ ಮನಸ್ಸು ಪದೇ ಪದೇ ಒಂದೇ ಕಡೆಗೆ, ಸಾಲದ ಕಡೆಗೋ ದಾಯಾದಿಯ ಜಗಳದ ಕಡೆಗೋ, ಓಡುತ್ತಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ಪ್ರಭುವಿನ ಮುಂದೆ ಬಿಚ್ಚಿಡಬೇಕಾದ ಗಂಟೊಂದಿದೆ.

ಪ್ರಾರ್ಥನೆಯ ಗುರು ಎಂದು ಧರ್ಮಸಭೆ ಗೌರವಿಸುವ ಅವಿಲಾದ ಸಂತ ತೆರೇಸಾ ಕೂಡ ಈ ಕಷ್ಟ ಉಂಡವರು. ಒಂದು ಕಾಲದಲ್ಲಿ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದೆನೆಂದು ಅವರೇ ತಮ್ಮ ಜೀವನ ವೃತ್ತಾಂತದಲ್ಲಿ ಬರೆದಿದ್ದಾರೆ. 1577ರಲ್ಲಿ ‘ಆಂತರ್ಯದ ಕೋಟೆ’ ಎಂಬ ಗ್ರಂಥ ಬರೆಯುವಾಗ ಅವರ ತಲೆಯೊಳಗೆ ನದಿಗಳು ಭೋರ್ಗರೆಯುವಂಥ ಸದ್ದು. ಆದರೂ ಆತ್ಮದ ಆಳದಲ್ಲಿ ಶಾಂತಿ. ಅಲೆಯುವ ಕಲ್ಪನೆ ಬೇರೆ, ದೇವರಲ್ಲಿ ನೆಟ್ಟ ಆತ್ಮ ಬೇರೆ ಎಂದು ಅವರು ಕಂಡುಕೊಂಡರು. ಗಿರಣಿ ಗಡಗಡ ಎನ್ನುತ್ತದೆಂದು ಯಾರಾದರೂ ಹಿಟ್ಟು ಮಾಡಿಸುವುದನ್ನು ಬಿಡುತ್ತಾರೆಯೇ ಎಂಬುದು ಅವರು ಕೊಟ್ಟ ಹೋಲಿಕೆಯ ಸಾರ. ನಾಲ್ಕು ಮನೆಯ ರಾಗಿ ಹಿಟ್ಟು ಮಾಡಿಸಿಕೊಂಡು ಬಂದ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ.

ಮೂರನೆಯದಾಗಿ, ಯೇಸುಸ್ವಾಮಿ ಮಾರ್ತಾಳಿಗೆ ಏನು ಮಾಡಿದರೆಂಬುದನ್ನು ಗಮನಿಸಿ. ಮೊದಲು ಅವಳ ಹೆಸರು ಹಿಡಿದು ಕರೆದರು. ಒಂದಲ್ಲ, ಎರಡು ಸಲ. ಪವಿತ್ರ ಗ್ರಂಥದಲ್ಲಿ ದೇವರು ಅಬ್ರಹಾಮನನ್ನು, ಮೋಶೆಯನ್ನು, ಬಾಲಕ ಸಮುವೇಲನನ್ನು ಹೀಗೆ ಎರಡು ಸಲ ಕರೆದದ್ದುಂಟು. ದಮಸ್ಕದ ದಾರಿಯಲ್ಲಿ ಪ್ರಭು ಸೌಲನನ್ನು ಕರೆದದ್ದೂ ಹೀಗೆಯೇ. 1959ರಲ್ಲಿ ನೆವಿಲ್ ಮೊರೆ ಎಂಬ ಮನಶ್ಶಾಸ್ತ್ರಜ್ಞರು ಜನರ ಎರಡು ಕಿವಿಗಳಿಗೆ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದನ್ನು ಮಾತ್ರ ಗಮನಿಸಿರೆಂದರು. ಬಿಟ್ಟ ಕಿವಿಯಲ್ಲಿ ಎಷ್ಟೋ ಸಲ ಹೇಳಿದ ಪದಗಳೂ ಅವರಿಗೆ ನೆನಪಿರಲಿಲ್ಲ. ಆದರೆ ಆ ಕಿವಿಯಲ್ಲಿ ತಮ್ಮ ಹೆಸರು ಬಂದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಕೇಳಿಸಿತು. ಗದ್ದಲವನ್ನು ಸೀಳಿ ಒಳಗೆ ಬರುವ ಶಕ್ತಿ ನಮ್ಮ ಹೆಸರಿಗಿದೆ. ಜ್ಞಾನಸ್ನಾನದ ದಿನ ಧರ್ಮಸಭೆ ನಮ್ಮನ್ನು ಹೆಸರು ಹಿಡಿದು ಕರೆದದ್ದು ಸುಮ್ಮನೆ ಅಲ್ಲ. ಮನಸ್ಸು ಓಡಿತೆಂದು ಹೊಳೆದಾಗ ಆ ಎಚ್ಚರವನ್ನು ಬೈಗುಳವೆಂದು ಕೇಳಬೇಡಿ. ಪ್ರಭು ನಿಮ್ಮ ಹೆಸರನ್ನು ಎರಡು ಸಲ ಕರೆದರೆಂದು ಕೇಳಿ.

ಮಾರ್ತಾಳಿಗೆ ಒಲೆ ಆರಿಸು ಎಂದು ಅವರು ಹೇಳಲಿಲ್ಲ. ಅವಳು ಹಲವು ವಿಷಯಗಳಿಗೆ ಕಳವಳಗೊಂಡಿರುವುದನ್ನು ತೋರಿಸಿ, ಅಗತ್ಯವಾದದ್ದು ಒಂದೇ ಎಂದು ನೆನಪಿಸಿದರು. ಮುಂದಿನದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದಿ. ಲಾಜರನು ತೀರಿಹೋದಾಗ ಮನೆ ತುಂಬ ಜನ, ಅಳು, ಗದ್ದಲ. ಆದರೆ ಯೇಸು ಬರುತ್ತಿದ್ದಾರೆಂದು ಕೇಳಿದ ಕೂಡಲೇ ಎಲ್ಲವನ್ನೂ ಬಿಟ್ಟು ಎದುರುಗೊಳ್ಳಲು ಹೋದವಳು ಮಾರ್ತಾ. ಅವರೇ ಕ್ರಿಸ್ತ, ದೇವರ ಪುತ್ರ ಎಂದು ವಿಶ್ವಾಸದಿಂದ ಸಾರಿದವಳೂ ಅವಳೇ. ಹನ್ನೆರಡನೆಯ ಅಧ್ಯಾಯದಲ್ಲಿ ಮತ್ತೆ ಔತಣ. ಮಾರ್ತಾ ಮತ್ತೆ ಬಡಿಸುತ್ತಿದ್ದಾಳೆ, ಮರಿಯ ಮತ್ತೆ ಪಾದದ ಬಳಿ ಇದ್ದಾಳೆ. ಅದೇ ಕೆಲಸ, ಅದೇ ತಂಗಿ. ಈ ಸಲ ಮಾರ್ತಾಳ ಬಾಯಿಂದ ದೂರಿನ ಮಾತು ಒಂದೂ ಇಲ್ಲ. ಮೆದುಳೂ ಹೀಗೆ ಕಲಿಯುತ್ತದೆ. ಒಂದು ಗೊಂದಲವನ್ನು ಎದುರಿಸಿದ ಬೆನ್ನಿಗೇ ಅಂಥದ್ದೇ ಇನ್ನೊಂದು ಬಂದರೆ ಅದರ ಎಳೆತ ಕಡಿಮೆಯಾಗಿರುತ್ತದೆಂದು 1992ರ ಪ್ರಯೋಗಗಳಲ್ಲಿ ಕಂಡುಬಂತು. ಸ್ಟ್ರೂಪ್ ಅವರೂ ಎಂಟು ದಿನ ಅಭ್ಯಾಸ ಮಾಡಿಸಿದಾಗ ತಡವರಿಕೆ ತಗ್ಗಿತ್ತು. ಹತ್ತು ನಿಮಿಷದ ಪ್ರಾರ್ಥನೆಯಲ್ಲಿ ಇಪ್ಪತ್ತು ಸಲ ಮನಸ್ಸು ಓಡಿ, ಇಪ್ಪತ್ತು ಸಲವೂ ನೀವು ಮರಳಿ ಬಂದಿದ್ದರೆ, ನೀವು ಪ್ರಭುವನ್ನು ಇಪ್ಪತ್ತು ಸಲ ಆರಿಸಿಕೊಂಡಿದ್ದೀರಿ.

ಇನ್ನೊಂದು ಮಾತು ಹೇಳದಿದ್ದರೆ ಈ ಪ್ರಬೋಧನೆ ಅರ್ಧಕ್ಕೆ ನಿಂತಂತೆ. ಪ್ರಾರ್ಥನೆಯಿಂದ ನಮ್ಮನ್ನು ಎಳೆಯುವುದೆಲ್ಲ ಪರಾಕಲ್ಲ. ಕೆಲವು ಸಲ ಎಳೆಯುವವರು ನಮ್ಮ ನೆರೆಯವರು. ಅವರ ರೂಪದಲ್ಲಿ ಪ್ರಭುವೇ. ಮೊದಲ ವಾಚನದಲ್ಲಿ ಅಬ್ರಹಾಮ ಉರಿಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ. ಮೂವರು ಅಪರಿಚಿತರು ಕಂಡರು. ಎದ್ದು ಓಡಿದ. ಅವನು ಎದುರುಗೊಂಡದ್ದು ದೇವರನ್ನೇ. ಕಳೆದ ಭಾನುವಾರ ನಾವು ಕೇಳಿದ ದಯಾಳು ಸಮಾರಿತನ ಸಾಮತಿಯೂ ಇದನ್ನೇ ಹೇಳಿತ್ತು.

ಆ ಸಾಮತಿಯ ಮೇಲೆಯೇ ಅಮೆರಿಕದ ಪ್ರಿನ್ಸ್‌ಟನ್ ದೈವಶಾಸ್ತ್ರ ಗುರುಮಠದಲ್ಲಿ ಒಂದು ಪರೀಕ್ಷೆ ನಡೆದಿತ್ತು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅದನ್ನು 1973ರಲ್ಲಿ ಪ್ರಕಟಿಸಿದರು. 40 ವಿದ್ಯಾರ್ಥಿಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯವೇ ದಯಾಳು ಸಮಾರಿತನ ಸಾಮತಿ. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೆಮ್ಮುತ್ತಾ ನರಳುತ್ತಿದ್ದ. ಆತುರವಿಲ್ಲದವರಲ್ಲಿ ಶೇಕಡ 63ರಷ್ಟು ಮಂದಿ ನೆರವಾದರು. ‘ತಡವಾಯಿತು, ಬೇಗ ಹೋಗಿ’ ಎಂದು ಅವಸರಪಡಿಸಿ ಕಳಿಸಿದವರಲ್ಲಿ ಶೇಕಡ 10 ಮಾತ್ರ. ಸಮಾರಿತನ ಬಗ್ಗೆ ಮಾತನಾಡಲು ಹೊರಟ ಕೆಲವರು ಆ ಮನುಷ್ಯನನ್ನು ದಾಟಿಕೊಂಡೇ ಹೋದರು. ಇವರು ಕಟುಕರೆಂದು ಸಂಶೋಧಕರು ಹೇಳಲಿಲ್ಲ. ತಮಗಾಗಿ ಕಾಯುತ್ತಿದ್ದವರ ಕರೆ ಒಂದು ಕಡೆ, ನರಳುವವನ ಕರೆ ಒಂದು ಕಡೆ, ನಡುವೆ ಸಿಕ್ಕಿದ್ದರು. ಒಳಗೆ ಎಚ್ಚರಿಕೆ ಮೊಳಗಿದರೂ ನಿಂತು ಕೇಳಲು ಅವಸರ ಬಿಡಲಿಲ್ಲ.

ಆದ್ದರಿಂದ ಎಳೆತ ಉಂಟಾದಾಗ ಒಂದು ಉಸಿರಿನಷ್ಟು ಹೊತ್ತು ನಿಂತು ಕೇಳಿಕೊಳ್ಳೋಣ: ನನ್ನನ್ನು ಕರೆಯುತ್ತಿರುವುದು ಬರೀ ಚಿಂತೆಯೋ, ಒಬ್ಬ ಮನುಷ್ಯನೋ? ಪೂಜೆಯಲ್ಲಿ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋದ ತಾಯಿ ಪ್ರಭುವನ್ನು ಬಿಟ್ಟು ಹೋಗಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಬಡವರು ಕರೆದರೆ ಎದ್ದು ಹೋಗಿ, ಅದು ದೇವರಿಗಾಗಿ ದೇವರನ್ನು ಬಿಟ್ಟು ಹೋದಂತೆ ಎಂಬುದು ಸಂತ ವಿನ್ಸೆಂಟ್ ದೆ ಪಾಲ್ ತಮ್ಮ ಭಗಿನಿಯರಿಗೆ ಕಲಿಸಿದ ಪಾಠ. ಕೇವಲ ಚಿಂತೆಯಾದರೆ, ಅದನ್ನು ಪ್ರಭುವಿನ ಕೈಗೆ ಕೊಟ್ಟು ಮರಳಿ ಬನ್ನಿ.

ಈ ವಾರ ಮೂರು ಸಣ್ಣ ಅಭ್ಯಾಸಗಳನ್ನು ಮಾಡೋಣ. ಪೂಜೆಗೆ ಐದು ನಿಮಿಷ ಮುಂಚೆ ಬಂದು, ಮೊಬೈಲು ಆಫ್ ಮಾಡಿ ಸುಮ್ಮನೆ ಕೂರೋಣ. ಅವಸರವೇ ನಮ್ಮ ಕಿವಿಯನ್ನು ಮುಚ್ಚುವುದು. ಮನಸ್ಸು ಓಡಿತೆಂದು ತಿಳಿದಾಗ ನಮ್ಮನ್ನು ನಾವು ಬೈದುಕೊಳ್ಳದೆ, ‘ಯೇಸುವೇ’ ಎಂದು ಒಮ್ಮೆ ಮೆಲ್ಲಗೆ ಕರೆದು ಪೀಠದ ಕಡೆಗೆ ಕಣ್ಣೆತ್ತೋಣ. ಯಾರ ಮುಖವಾದರೂ ನೆನಪಿಗೆ ಬಂದರೆ, ಅದು ನಾವು ಮುನಿಸಿಕೊಂಡವರ ಮುಖವಾದರೂ ಸರಿ, ಅವರಿಗಾಗಿ ಒಂದು ‘ನಮೋ ಮರಿಯ’ ಹೇಳಿ ಮುಂದುವರಿಯೋಣ. ಪಕ್ಕದಲ್ಲಿರುವವರು ಬೇರೆ ಭಾಷೆಯಲ್ಲಿ ಪ್ರಾರ್ಥಿಸುವಾಗಲೂ ಹೀಗೆಯೇ. ಅವರ ಮಾತು ಅರ್ಥವಾಗದಿದ್ದರೆ ಅವರಿಗಾಗಿ ನಮ್ಮ ಮಾತಿನಲ್ಲಿ ಪ್ರಾರ್ಥಿಸೋಣ. ಆಗ ಆ ಎಳೆತವೂ ಪ್ರಾರ್ಥನೆಯಾಗುತ್ತದೆ.

ಜುಲೈ 29ರಂದು ಧರ್ಮಸಭೆ ಮಾರ್ತಾ, ಮರಿಯ, ಲಾಜರ ಈ ಮೂವರನ್ನೂ ಒಟ್ಟಿಗೆ ಸ್ಮರಿಸುತ್ತದೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಆದ ಏರ್ಪಾಡು ಇದು. ದುಡಿಯುವವಳು, ಕುಳಿತು ಆಲಿಸುವವಳು ಇಬ್ಬರೂ ಪ್ರಭುವಿಗೆ ಬೇಕಾದವರೇ, ಒಂದೇ ಮನೆಯವರೇ. ನಮ್ಮ ಒಂದೇ ಎದೆಯೊಳಗೆ ಈ ಇಬ್ಬರೂ ಇದ್ದಾರೆ.

ಪ್ರಭು ಯೇಸುವೇ, ಹಲವು ಕಡೆಗೆ ಎಳೆಯಲ್ಪಡುವ ನಮ್ಮ ಮನಸ್ಸನ್ನು ನೀವು ಬಲ್ಲಿರಿ. ನಾವು ದೂರ ಹೋದಾಗ ನಮ್ಮನ್ನು ಹೆಸರು ಹಿಡಿದು ಕರೆಯಿರಿ. ಕರೆದಾಗ ಕೇಳಿಸಿಕೊಳ್ಳುವ ಕಿವಿಯನ್ನೂ, ಎಷ್ಟು ಸಲವಾದರೂ ಬೇಸರಪಡದೆ ನಿಮ್ಮ ಬಳಿಗೆ ಮರಳುವ ಹೃದಯವನ್ನೂ ನಮಗೆ ಕೊಡಿರಿ. ಆಮೆನ್.